ಶ್ರೀರಾಮಪುರದ ಬೂದಿಯಲ್ಲಿ ಕನ್ನಡದ ಹಾಳೆಗಳು

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಶ್ರೀರಾಮಪುರದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಸಭೆಯ ಚರಿತ್ರೆಯನ್ನು ಓದಿ ಧಾರವಾಡದ ಹಿರಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಬಂಗಾಳದ ಸಣ್ಣ ಊರೊಂದರ ಪ್ರಾರ್ಥನಾ ಮಂದಿರದಿಂದ ಕನ್ನಡಿಗರಿಗೆ ಆಗಬೇಕಾದದ್ದೇನು? ಮತಾಂತರಕ್ಕೆಂದು ಬಂದವರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ನಮ್ಮೂರಿನ ಹಳೆಯ ಮಠದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.”

ಮಾನ್ಯರೇ, ಮತಾಂತರವೇ ಅವರ ಗುರಿಯಾಗಿತ್ತೆಂಬುದು ನಿಜ. ಅದನ್ನು ಅವರು ಮುಚ್ಚಿಟ್ಟವರಲ್ಲ. ನಮ್ಮ ಆಚರಣೆಗಳನ್ನು ಕುರಿತು ಅವರು ಬರೆದ ಕಟುಮಾತುಗಳು ಇಂದಿಗೂ ನೋಯಿಸುತ್ತವೆ. ಆದರೆ ಕನ್ನಡಿಗರಿಗೆ ಆಗಬೇಕಾದದ್ದೇನು ಎಂದು ಕೇಳಿದಿರಲ್ಲ, ಆ ಪ್ರಶ್ನೆಗೆ 1812ರ ಮಾರ್ಚ್ 11ರ ಸಂಜೆಯೇ ಉತ್ತರ ಕೊಡುತ್ತದೆ. ಅಂದು ಆ ಮಿಷನ್ನಿನ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ರಾಶಿ ರಾಶಿ ಕಾಗದದೊಡನೆ, ಹಲವು ಲಿಪಿಗಳ ಅಚ್ಚುಮೊಳೆಗಳೊಡನೆ, ಮಿಷನ್ನಿನ ಮುಂದಾಳು ವಿಲಿಯಂ ಕೇರಿ ಕನ್ನಡಕ್ಕೆ ತರುತ್ತಿದ್ದ ಬೈಬಲ್ಲಿನ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟುಹೋಯಿತು. ಆ ಮನುಷ್ಯ ಮತ್ತೆ ಮೊದಲಿನಿಂದ ಕೂತು ಬರೆದ. 1817ರಲ್ಲಿ ಅದೇ ಊರಿನಿಂದ ಅವನ ಕನ್ನಡ ವ್ಯಾಕರಣ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹುಟ್ಟುವುದಕ್ಕೆ ಅದಿನ್ನೂ 26 ವರ್ಷ ಮೊದಲಿನ ಮಾತು. ನಮ್ಮ ಅಕ್ಷರಗಳು ಅಚ್ಚಿನ ರೂಪ ತಳೆದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟವನು ಕೇರಿಯಲ್ಲ, ಕೃಷ್ಣ ಪಾಲನೆಂಬ ಬಡಗಿ. ಈಸ್ಟ್ ಇಂಡಿಯಾ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳನ್ನು ಸೇರಿಸದಿದ್ದ ಕಾಲದಲ್ಲಿ, ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಶ್ರೀರಾಮಪುರದಲ್ಲಿ 1800ರಲ್ಲಿ ಆ ಸಭೆ ಕಟ್ಟಿಕೊಂಡಿತು. ಸ್ಥಳೀಯರಲ್ಲಿ ಒಬ್ಬರೂ ಸೇರಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಕೃಷ್ಣ ಪಾಲನ ತೋಳಿನ ಕೀಲು ತಪ್ಪಿತು. ಮಿಷನ್ನಿನ ವೈದ್ಯ ಜಾನ್ ಥಾಮಸ್ ಅವನನ್ನು ಮರಕ್ಕೆ ಕಟ್ಟಿ ನಿಲ್ಲಿಸಿ ಕೀಲನ್ನು ಕೂಡಿಸಿದ. ಡಿಸೆಂಬರ್ 28ರಂದು ಆ ಬಡಗಿ ಮತ್ತು ಕೇರಿಯ ಹಿರಿಯ ಮಗ ಫೀಲಿಕ್ಸ್ ಇಬ್ಬರೂ ಒಂದೇ ದಿನ ಹೂಗ್ಲಿ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ಮುಂದೆ ಆ ಬಡಗಿ ಬಂಗಾಳಿಯಲ್ಲಿ ಕೀರ್ತನೆಗಳನ್ನು ಕಟ್ಟಿದ. ಇನ್ನೊಬ್ಬ, ಪಂಚಾನನ ಕರ್ಮಕಾರ. ಅಚ್ಚುಮೊಳೆಗಾಗಿ ಉಕ್ಕಿನಲ್ಲಿ ಅಕ್ಷರ ಕೊರೆಯುವ ವಿದ್ಯೆಯನ್ನು ಅವನು ಅಳಿಯ ಮನೋಹರನಿಗೆ ಕಲಿಸಿದ್ದರಿಂದಲೇ ಆ ಅಚ್ಚುಕೂಟ ಅಷ್ಟು ಭಾಷೆಗಳಲ್ಲಿ ಮಾತಾಡಿತು. ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಆ ಉಕ್ಕಿನ ಪಡಿಯಚ್ಚುಗಳು ಕೆಡದೆ ಸಿಕ್ಕವು. ಕರಗಿದ ಲೋಹದಿಂದಲೇ ಮತ್ತೆ ಮೊಳೆ ಎರಕ ಹೊಯ್ದರು.

ಒಬ್ಬ ಬಡಗಿಯ ತೋಳು ಎಂದು ತಪ್ಪಿತೆಂಬುದು ಇಂದಿಗೂ ನಮಗೆ ತಿಳಿದಿರುವುದು ಆ ಜನ ದಿನಚರಿ ಬರೆದು, ಕಾಗದಗಳನ್ನು ಕಾಪಾಡಿದ್ದರಿಂದ. ನಾವೇನು ಮಾಡಿದ್ದೇವೆ? ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಹಳೆಯ ಮುದ್ರಣಾಲಯವೊಂದು ಮುಚ್ಚುತ್ತದೆಂದು ಕೇಳಿ ಓಡಿಹೋದೆ. ನಾನು ತಲುಪುವ ಹಿಂದಿನ ದಿನವೇ ಕನ್ನಡದ ಮೊಳೆಗಳು ಸೀಸದ ತೂಕಕ್ಕೆ, ಲೆಕ್ಕದ ಪುಸ್ತಕಗಳು ರದ್ದಿಯ ತೂಕಕ್ಕೆ ಹೋಗಿದ್ದವು. ಅಲ್ಲಿ ಮೊಳೆ ಜೋಡಿಸುತ್ತಿದ್ದವರ ಹೆಸರೊಂದೂ ನನಗೆ ಸಿಗಲಿಲ್ಲ. ಮಠ, ಮಸೀದಿ, ಬಸದಿ, ಇಗರ್ಜಿ ಎನ್ನದೆ ಎಲ್ಲ ಕಡೆಯೂ ಸುಣ್ಣಬಣ್ಣಕ್ಕೆ ಹಣ ಕೂಡುತ್ತದೆ, ಹಳೆಯ ಕಡತಕ್ಕೆ ಒಂದು ಕಬ್ಬಿಣದ ಕಪಾಟು ಮಾತ್ರ ಕೂಡುವುದಿಲ್ಲ.

ನಿಮ್ಮೂರಿನ ಮಠದ ಬಗ್ಗೆ ನೀವು ಪಟ್ಟ ಬೇಸರ ನ್ಯಾಯವಾದದ್ದು, ಆದರೆ ಅದನ್ನು ನನ್ನ ಮೇಲೆ ತೀರಿಸಿಕೊಂಡರೆ ಫಲವಿಲ್ಲ. ಅಲ್ಲಿ ದಾಸೋಹದ ಲೆಕ್ಕ, ತೇರು ಮಾಡಿದ ಬಡಗಿಗಳಿಗೆ ಕೊಟ್ಟ ಕೂಲಿಯ ಚೀಟಿ ಏನಾದರೂ ಉಳಿದಿವೆಯೇ ಎಂದು ದಯವಿಟ್ಟು ಈ ತಿಂಗಳೇ ಹೋಗಿ ನೋಡಿ, ಸಿಕ್ಕಿದ್ದನ್ನು ಬರೆದು ಕಳಿಸಿ. ನಿಮಗೂ ನಾಲ್ಕು ಪುಟ ತೆಗೆದಿರಿಸುತ್ತೇನೆ.

– ಸಂಪಾದಕ