ಓದುಗರ ಪ್ರಶ್ನೆ: ಮರಳುಗಾಡಿನ ಕೆರೆ ದಡದಲ್ಲಿ ಟೆಂಟ್ ಹಾಕೋದು ಹೇಗೆ?

ಹೋದ ಸಂಚಿಕೆಯಲ್ಲಿ ಮರಳುಗಾಡಿನ ಸರೋವರದ ದಡದಲ್ಲಿ ಮಲಗಿದ ಒಂದು ರಾತ್ರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಇಷ್ಟು ಪ್ರಶ್ನೆ ಬರುತ್ತವೆ ಎಂದುಕೊಂಡಿರಲಿಲ್ಲ. ಅದರಲ್ಲೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರೇ ಜಾಸ್ತಿ. ನದಿ ಇಲ್ಲದ ಊರಿನವರಿಗೆ ನೀರಿನ ದಡ ಅಂದರೆ ಒಂದು ಆಸೆ ಇದ್ದೇ ಇರುತ್ತದೆ, ಅಲ್ವಾ?

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮಗ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ಮೇ ಕೊನೆಗೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಲೇಕ್ ಪೊವೆಲ್ ಅಂತೆ, ಅಲ್ಲಿ ಲೋನ್ ರಾಕ್ ಬೀಚ್ ಅಂತೆ, ಮರಳಿನ ಮೇಲೇ ಟೆಂಟ್ ಹಾಕಿ ಎರಡು ರಾತ್ರಿ ಇರೋಣ ಎನ್ನುತ್ತಾನೆ. ಮರಳುಗಾಡಿನಲ್ಲಿ ಬೀಚ್ ಎಲ್ಲಿಂದ ಬಂತು? ಈ ವಯಸ್ಸಿನಲ್ಲಿ ನಮಗೆ ಆಗುತ್ತದೆಯೇ? – ಒಬ್ಬ ಓದುಗರು, ತುಮಕೂರು

ಉತ್ತರ: ಆಗುತ್ತದೆ ಸರ್, ಧೈರ್ಯವಾಗಿ ಹೋಗಿ. ಅದು ಸಮುದ್ರದ ಬೀಚ್ ಅಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಹಾಗೆ ಅಲ್ಲಿ ಕೊಲೊರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟಿದ್ದಾರೆ. ಸುತ್ತ ಕೆಂಪು ಬಂಡೆ, ಮರಳು, ನಡುವೆ ನೀಲಿ ನೀರು. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು, ಪೂರ್ತಿ ತುಂಬಿದ್ದು 1980ರಲ್ಲಿ. ಹದಿನೇಳು ವರ್ಷ! ನಮ್ಮ ಕೆರೆ ಕೋಡಿ ಬೀಳಲು ಹತ್ತು ವರ್ಷವಾಯಿತು ಎಂದು ನಾವು ಗೊಣಗುತ್ತೇವೆ.

ಈಗ ಮುಖ್ಯ ವಿಷಯ. ಆ ದಡ ಒಂದೇ ಕಡೆ ಇರುವುದಿಲ್ಲ. ಬರ ಬಂದು 2023ರ ಮೊದಲ ತಿಂಗಳುಗಳಲ್ಲಿ ನೀರು ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗೆ ಹೋಗಿತ್ತು. ಅದೇ ವರ್ಷ ರಾಕಿ ಬೆಟ್ಟಗಳ ಹಿಮ ಕರಗಿ ಬೇಸಿಗೆಯ ಹೊತ್ತಿಗೆ 60 ಅಡಿಗೂ ಜಾಸ್ತಿ ಮೇಲೆ ಬಂತು. ನೀವು ಹೋಗುವ ಮೇ ಕೊನೆ ಎಂದರೆ ಸರಿಯಾಗಿ ನೀರು ಏರುವ ಕಾಲ. ಇಳಿಜಾರು ಕಡಿಮೆ ಇರುವ ಕಡೆ ನೀರು ಒಂದಡಿ ಏರಿದರೆ ದಡ ಇಪ್ಪತ್ತು ಮೂವತ್ತು ಅಡಿ ಹಿಂದಕ್ಕೆ ಸರಿಯುತ್ತದೆ, ಅಂದರೆ ಸಂಜೆ ಅಲೆ ಸದ್ದು ಚೆನ್ನಾಗಿ ಕೇಳಲಿ ಎಂದು ನೀರಿನ ಪಕ್ಕದಲ್ಲೇ ಹಾಸಿಗೆ ಹಾಸಿದವರು ಬೆಳಗ್ಗೆ ಚಪ್ಪಲಿ ಹುಡುಕಿಕೊಂಡು ಮೊಣಕಾಲುದ್ದ ನೀರಿಗೆ ಇಳಿಯಬೇಕಾಗುತ್ತದೆ. ಟೆಂಟ್ ಎತ್ತರದಲ್ಲೇ ಹಾಕಿಸಿ. ಮಗ ನಗುತ್ತಾನೆ, ನಗಲಿ ಬಿಡಿ.

ಇನ್ನೊಂದು, ಇದು ನನ್ನ ತಲೆ ತಗ್ಗಿಸುವ ಕಥೆ. ನಾನು ಶಿರಾ ಕಡೆಯವನು. ಚಿಕ್ಕಂದಿನಲ್ಲಿ ಬೇಸಿಗೆ ಬಂತೆಂದರೆ ತಾತನ ಗಾಡಿಯಲ್ಲಿ ಕೆರೆಗೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಯಲು ಹೋಗುತ್ತಿದ್ದೆ. ಅಂಗಳಕ್ಕೆ ಗಾಡಿ ಇಳಿಸುವ ಮೊದಲು ತಾತ ಎತ್ತು ನಿಲ್ಲಿಸಿ, ಬಾರುಕೋಲು ಹಿಡಿದು ಮುಂದೆ ನಡೆದು ಹೋಗುತ್ತಿದ್ದ. ಮಣ್ಣು ಬಿರಿದು, ಬಿರುಕಿನ ಅಂಚು ಹಪ್ಪಳದ ಹಾಗೆ ಮೇಲಕ್ಕೆ ಮುದುರಿದ್ದರೆ ಅರ್ಧ ನಂಬುತ್ತಿದ್ದ. ನುಣ್ಣಗೆ ಹೊಳೆಯುತ್ತಿದ್ದರೆ ಆ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಅರ್ಧ ನಂಬಿದ ಕಡೆಯೂ ಕೋಲು ಚುಚ್ಚಿ, ತುದಿಗೆ ಹಸಿ ಮಣ್ಣು ಅಂಟಿದೆಯಾ ಎಂದು ಬೆರಳಲ್ಲಿ ಸವರಿ ನೋಡಿಯೇ ಎತ್ತಿಗೆ ಹೇಳುತ್ತಿದ್ದ. ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಲೋನ್ ರಾಕ್‌ನಲ್ಲಿ ಮಾಡಿದ್ದೇನು? ನೀರು ಹಿಂದೆ ಸರಿದ ಜಾಗ ನುಣ್ಣಗೆ ಸಿಮೆಂಟ್ ಗಾರೆ ಹಾಕಿದ ಹಾಗೆ ಕಂಡಿತು. ಸ್ನೇಹಿತನ ಕಾರು ಅಲ್ಲಿಗೇ ಬಿಡಿಸಿದೆ. ಮುಂದಿನ ಚಕ್ರ 'ಬುಸ್' ಎಂದು ಒಳಗೆ ಹೋಯಿತು, ಮೇಲಿನ ಎರಡು ಬೆರಳು ದಪ್ಪದ ಪದರ ಒಡೆದು ಕೆಳಗಿನ ಬೂದು ಬಣ್ಣದ ಕೆಸರು ಬಂಪರ್‌ವರೆಗೆ ಬಂತು. ಗುರುತಿಲ್ಲದ ಪುಣ್ಯಾತ್ಮನೊಬ್ಬ ಪಿಕಪ್‌ಗೆ ಹಗ್ಗ ಕಟ್ಟಿ ಎಳೆದುಕೊಟ್ಟ. ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನನಗೆ ತಾತನ ಬಾರುಕೋಲೇ ನೆನಪಿಗೆ ಬರುತ್ತಿತ್ತು.

ಗೋಡು ತುಂಬಿದ ಗಾಡಿ ನೋಡಿದವರು ನೀವೂ ಇರಬಹುದು ಸರ್. ಒಂದು ಕೋಲು ಹಿಡಿದು ಮಗನ ಮುಂದೆ ನೀವೇ ನಡೆಯಿರಿ. ಈ ವಿದ್ಯೆ ನಿಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಉಳಿದದ್ದು ಚುಟುಕಾಗಿ. ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ ನಾಲ್ಕು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಿ. ಒಣ ಹವೆಯಲ್ಲಿ ಬೆವರು ಕಾಣುವುದೇ ಇಲ್ಲ, ಬಂದ ಹಾಗೇ ಆರಿಹೋಗುತ್ತದೆ. ಹಾಗಾಗಿ ಬಾಯಾರಿಕೆಗೆ ಕಾಯಬೇಡಿ. ಮೇ ಕೊನೆಯ ಸೋಮವಾರ ಅಲ್ಲಿ ಸರ್ಕಾರಿ ರಜೆ, ಆ ವಾರಾಂತ್ಯ ಜಾತ್ರೆ ಸೇರಿದ ಹಾಗೆ ಜನ, ಅದನ್ನು ತಪ್ಪಿಸಿ. ಹೊರಡುವ ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಜಾಲತಾಣದಲ್ಲಿ ನೀರಿನ ಮಟ್ಟ ನೋಡಲು ಮಗನಿಗೆ ಹೇಳಿ. ಗಡಿಯಾರದ ತಮಾಷೆಯೊಂದಿದೆ. ಪಕ್ಕದ ಪೇಜ್ ಪಟ್ಟಣ ಅರಿಜೋನಾದಲ್ಲಿದೆ, ಬೀಚ್ ಯೂಟಾದಲ್ಲಿದೆ. ಬೇಸಿಗೆಯಲ್ಲಿ ಯೂಟಾ ಒಂದು ಗಂಟೆ ಮುಂದೆ. ಸಾಮಾನು ತರಲು ಹೋಗಿಬಂದಾಗಲೆಲ್ಲ ಮೊಬೈಲ್ ತಾನೇ ಗಂಟೆ ಬದಲಿಸುತ್ತದೆ. ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವವರಾದರೆ ಕೈಗಡಿಯಾರವನ್ನೇ ನಂಬಿ.

ಪ್ರಶ್ನೆ: ಮರಳಿನಲ್ಲಿ ಟೆಂಟ್ ಗೂಟ ನಿಲ್ಲುತ್ತದಾ? ಗೋಕರ್ಣದಲ್ಲಿ ನಮ್ಮ ಟೆಂಟ್ ಹಾರಿಹೋಗಿ ಮಾನ ಹೋಯಿತು. – ಮುಳಬಾಗಿಲಿನಿಂದ

ಉತ್ತರ: ನಿಲ್ಲುವುದಿಲ್ಲ. ಟೆಂಟ್ ಜತೆ ಬರುವ ಆ ತೆಳ್ಳನೆ ಕಂಬಿ ಗೂಟ ಗಟ್ಟಿ ನೆಲಕ್ಕೆ ಮಾಡಿದ್ದು, ಮರಳಿಗೆ ಬೆಣ್ಣೆಗೆ ಚುಚ್ಚಿದ ಹಾಗೆ. ನಾಲ್ಕು ಖಾಲಿ ಸಿಮೆಂಟ್ ಚೀಲ ಮಡಚಿ ತೆಗೆದುಕೊಂಡು ಹೋಗಿ. ಅಲ್ಲೇ ಮರಳು ಅರ್ಧ ತುಂಬಿ, ಬಾಯಿ ಕಟ್ಟಿ, ಆ ಗಂಟಿಗೇ ಟೆಂಟಿನ ಹಗ್ಗ ಬಿಗಿಯಿರಿ. ಆಮೇಲೆ ಒಂದೂವರೆ ಅಡಿ ಗುಂಡಿ ತೋಡಿ ಚೀಲವನ್ನು ಅಡ್ಡಡ್ಡ ಮಲಗಿಸಿ, ಮೇಲೆ ಮರಳು ಮುಚ್ಚಿ ಕಾಲಲ್ಲಿ ತುಳಿಯಿರಿ. ಮರಳುಗಾಡಿನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಕೇಳಬೇಡಿ. ಹಾಗಾಗಿ ಬಾಗಿಲು ಗಾಳಿ ಬರುವ ಕಡೆಗೆ ಇರಬಾರದು. ಹೊರಗೆ ತಿರುಗಾಡಲು ಹೋಗುವಾಗ ಟೆಂಟ್ ಖಾಲಿ ಬಿಡಬೇಡಿ, ಒಳಗೆ ಭಾರ ಇಡಿ. ನಮ್ಮ ಪಕ್ಕದವರ ಖಾಲಿ ಟೆಂಟ್ ಒಂದು ಸಲ ಮೂರು ಪಲ್ಟಿ ಹೊಡೆದು ಸೀದಾ ನೀರಿಗೆ ಇಳಿದು ತೆಪ್ಪದ ಹಾಗೆ ತೇಲಿಕೊಂಡು ಹೋಯಿತು. ನಾವು ನಗಬಾರದು ಎಂದು ಎಷ್ಟು ಕಷ್ಟಪಟ್ಟೆವೋ ನಮಗೇ ಗೊತ್ತು.

ಅಡುಗೆ ಬಗ್ಗೆಯೂ ಕೇಳಿದ್ದೀರಿ. ಗಾಳಿಗೆ ಮುದ್ದೆ ತೊಳಸಲು ಹೋಗಬೇಡಿ, ಹಿಟ್ಟಿಗಿಂತ ಮರಳೇ ಜಾಸ್ತಿಯಾಗುತ್ತದೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಇಷ್ಟು ಸಾಕು.

ಪ್ರಶ್ನೆ: ಕೇಳಲು ಸಂಕೋಚ. ಇಂಥ ಕಡೆ ಹೆಂಗಸರು ಶೌಚಕ್ಕೆ ಏನು ಮಾಡಬೇಕು? – ಗೌರಿಬಿದನೂರಿನಿಂದ

ಉತ್ತರ: ಸಂಕೋಚ ಯಾಕಮ್ಮ, ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಲೋನ್ ರಾಕ್‌ನಲ್ಲಿ ಶೌಚಾಲಯ ಇದೆ. ಅದೇ ಲೇಕ್ ಪೊವೆಲ್‌ನ ಬೇರೆ ದಡಗಳಲ್ಲಿ ಶೌಚಾಲಯ ಇಲ್ಲದ ಕಡೆ ಉಳಿಯುವವರು ತಮ್ಮದೇ ಪೋರ್ಟಬಲ್ ಟಾಯ್ಲೆಟ್ ತರಬೇಕು, ಅದರಲ್ಲಿ ಆದದ್ದನ್ನು ವಾಪಸ್ ತೆಗೆದುಕೊಂಡೇ ಹೋಗಬೇಕು. ಅದು ಅಲ್ಲಿನ ನಿಯಮ. ಮರಳಲ್ಲಿ ಹೂತುಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ನೀರು ಏರಿದಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ಅವರನ್ನೇ ಕೇಳಿ. ಮುಚ್ಚಳವಿರುವ ಬಕೆಟ್, ಅದರೊಳಗೆ ದಪ್ಪ ಚೀಲ, ಮೇಲೆ ಉದುರಿಸಲು ಮರದ ಹೊಟ್ಟು. ಪಕ್ಕಕ್ಕೊಂದು ನಿಲ್ಲುವಷ್ಟು ಎತ್ತರದ ಚಿಕ್ಕ ಟೆಂಟ್ ಸಿಗುತ್ತದೆ, ಬಟ್ಟೆ ಬದಲಿಸಲೂ ಆಗುತ್ತದೆ. ಅದಿಲ್ಲದೆ ನನ್ನ ಹೆಂಡತಿ ಎರಡನೇ ಸಲ ಬರುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ.

ಪ್ರಶ್ನೆ: ನಾವು ಆರು ಜನ ಹುಡುಗರು ಪ್ಯಾಂಗಾಂಗ್ ಸರೋವರಕ್ಕೆ ಹೋಗುತ್ತಿದ್ದೇವೆ. ವಿಮಾನದಲ್ಲಿ ಲೇಹ್, ಮರುದಿನವೇ ಸರೋವರ, ಅಲ್ಲೇ ದಡದಲ್ಲಿ ಟೆಂಟ್. ಪ್ಲಾನ್ ಹೇಗಿದೆ ಅಣ್ಣ? – ಚಿಕ್ಕಬಳ್ಳಾಪುರದಿಂದ

ಉತ್ತರ: ಚೆನ್ನಾಗಿಲ್ಲ ತಮ್ಮಾ. ನಿಮ್ಮ ಊರಿಂದ ಕಾಣುವ ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಪ್ಯಾಂಗಾಂಗ್ ಇರುವುದು ಸುಮಾರು 4,250 ಮೀಟರ್‌ನಲ್ಲಿ, ಅಂದರೆ ಹೆಚ್ಚುಕಮ್ಮಿ ಮೂರು ನಂದಿ ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ. ಲೇಹ್ ಊರೇ 3,500 ಮೀಟರ್. ವಿಮಾನ ಇಳಿದ ಮೇಲೆ ಪೂರ್ತಿ ಎರಡು ದಿನ ಲೇಹ್‌ನಲ್ಲಿ ಸುಮ್ನೆ ಬಿದ್ದಿರಿ. ಓಡಾಟ ಬೇಡ, ಎಣ್ಣೆ ಅಂತೂ ಬೇಡವೇ ಬೇಡ. ತಲೆನೋವು, ವಾಂತಿ ಬಂದರೆ ಮೇಲೆ ಹೋಗುವುದನ್ನು ನಿಲ್ಲಿಸಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗೆ ಇಳಿಸಲೇಬೇಕು. 'ಬೆಳಗ್ಗೆ ನೋಡೋಣ' ಎನ್ನುವ ಕಾಯಿಲೆ ಅಲ್ಲ ಇದು.

ದಡದ ಮೇಲೇ ನಿಮ್ಮಿಷ್ಟದಂತೆ ಟೆಂಟ್ ಹೊಡೆಯುವ ಆಲೋಚನೆಯನ್ನೂ ಬಿಡಿ. ಅದು ವನ್ಯಜೀವಿಗಳ ಜಾಗ, ಪಕ್ಕದಲ್ಲೇ ಗಡಿ. ಸ್ಪಾಂಗ್ಮಿಕ್, ಮಾನ್, ಮೆರಕ್ ಹಳ್ಳಿಗಳಲ್ಲಿ ಉಳಿಯಲು ವ್ಯವಸ್ಥೆ ಇದೆ, ಅಲ್ಲಿ ಉಳಿಯಿರಿ. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬಿಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಂಡಿರಿ.

ಬೆಟ್ಟದ ಮೇಲಿನ ನೀರು ಉಪ್ಪು ಯಾಕೆ ಎಂದೂ ಕೇಳಿದ್ದೀಯ. ಈ ಪ್ರಶ್ನೆ ನನಗೆ ಇಷ್ಟವಾಯಿತು. ಪ್ಯಾಂಗಾಂಗ್ ಎಂದರೆ ಕೋಡಿಯೂ ಇಲ್ಲದ, ತೂಬೂ ಇಲ್ಲದ ಕೆರೆ. ಹಿಮ ಕರಗಿದ ನೀರು ಮಣ್ಣಿನ ಉಪ್ಪಿನಂಶ ಹೊತ್ತುಕೊಂಡು ಒಳಗೆ ಬರುತ್ತದೆ, ಹೊರಗೆ ಹೋಗಲು ಬಿಸಿಲೊಂದೇ ದಾರಿ. ಬಿಸಿಲು ನೀರನ್ನಷ್ಟೇ ಎತ್ತಿಕೊಳ್ಳುತ್ತದೆ. ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡು, ಬಿಳಿ ಪೊರೆ ಕಟ್ಟಿರುತ್ತದಲ್ಲ? ಅಮ್ಮ ಹುಣಸೆಹಣ್ಣು ಹಾಕಿ ಉಜ್ಜುತ್ತಾರಲ್ಲ, ಅದೇ ಲೆಕ್ಕ. ಲೇಕ್ ಪೊವೆಲ್‌ನ ಕೆಂಪು ಬಂಡೆಗಳ ಮೇಲೂ ನೀರು ಇಳಿದ ಉದ್ದಕ್ಕೂ ಇಂಥದ್ದೇ ಸುಣ್ಣದ ಪಟ್ಟಿ ಇದೆ. ಆದರೆ ಅದಕ್ಕೆ ನದಿ ಹರಿದು ಹೋಗುವ ದಾರಿ ಇರುವುದರಿಂದ ನೀರು ಸಿಹಿ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದ ಸಾಲ್ಟನ್ ಸೀ ದಡದ ಫೋಟೊ ಕಳಿಸಿದ್ದಾಳೆ. ಹಾಲಿನಂಥ ಬಿಳಿ ಮರಳು! ಅಲ್ಲಿ ಟೆಂಟ್ ಹಾಕಬಹುದಾ? – ಚಿಂತಾಮಣಿಯಿಂದ

ಉತ್ತರ: ಅದು ಪೂರ್ತಿ ಮರಳಲ್ಲ ಅಮ್ಮ. ಸತ್ತ ಮೀನಿನ ಮೂಳೆ, ಪುಡಿಯಾದ ಸಣ್ಣ ಚಿಪ್ಪುಗಳೇ ಜಾಸ್ತಿ. ಬರಿಗಾಲಲ್ಲಿ ನಡೆದರೆ ಗೊತ್ತಾಗುತ್ತದೆ. 1905ರಲ್ಲಿ ಕೊಲೊರಾಡೊ ನದಿಯ ಕಾಲುವೆ ಒಡೆದು, ಸಮುದ್ರಮಟ್ಟಕ್ಕಿಂತ ಕೆಳಗಿದ್ದ ತಗ್ಗಿಗೆ ನೀರು ನುಗ್ಗಿತು. ಅದನ್ನು ಕಟ್ಟಲು 1907 ಬಂತು. ಇದಕ್ಕೂ ಕೋಡಿ ಇಲ್ಲ, ಈಗ ಸಮುದ್ರಕ್ಕಿಂತ ಉಪ್ಪು. ನೀರು ಬತ್ತಿದ ಕಡೆ ಗಾಳಿಗೆ ಏಳುವ ದೂಳು ಒಳ್ಳೆಯದಲ್ಲ. ಬೇಸಿಗೆಯಲ್ಲಂತೂ ವಾಸನೆ. ಸಂಜೆ ಹೋಗಿ ಹಕ್ಕಿ ನೋಡಿಕೊಂಡು, ರಾತ್ರಿ ಊಟಕ್ಕೆ ಮನೆಗೆ ಬರಲು ಹೇಳಿ.

ಪ್ರಶ್ನೆ: ಅಷ್ಟು ದೂರ ಹೋಗುವ ಮೊದಲು ನಮ್ಮ ಕೆರೆ ಅಂಗಳದಲ್ಲೇ ಒಂದು ರಾತ್ರಿ ಟೆಂಟ್ ಹಾಕಿ ಅಭ್ಯಾಸ ಮಾಡಬಹುದಾ? – ಕೋಲಾರದ ಗೆಳೆಯರು

ಉತ್ತರ: ಅಭ್ಯಾಸ ಮಾಡಲೇಬೇಕು, ಆದರೆ ಕೆರೆ ಅಂಗಳದಲ್ಲಿ ಬೇಡ. ಮಣ್ಣಿಗೆ ಅಂತ ಜೆಸಿಬಿಯಲ್ಲಿ ತೋಡಿದ ಗುಂಡಿಗಳು ಎಲ್ಲೆಲ್ಲಿವೆ ಎಂದು ಆ ಊರಿನವರಿಗೇ ನೆನಪಿರುವುದಿಲ್ಲ. ಕತ್ತಲಲ್ಲಿ ನಿಮಗೆ ಹೇಗೆ ಗೊತ್ತಾಗಬೇಕು? ಕೆ.ಸಿ. ವ್ಯಾಲಿ ನೀರು ಬರುವ ಕೆರೆಯಾದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟದ್ದು, ಅಂತರ್ಜಲಕ್ಕೆ ಅಂತ. ಈಜಲು, ಪಾತ್ರೆ ತೊಳೆಯಲು ಅಲ್ಲ. ಜತೆಗೆ ಪಂಚಾಯಿತಿಯವರನ್ನು ಕೇಳಬೇಕು, ರಾತ್ರಿ ಬ್ಯಾಟರಿ ಬೆಳಕು ಕಂಡ ರೈತರಿಗೆ ಉತ್ತರ ಹೇಳಬೇಕು.

ಮನೆ ತಾರಸಿ ಮೇಲೆ ಹಾಕಿ ನೋಡಿ. ಟೆಂಟ್ ಕಟ್ಟುವುದು, ಅದಕ್ಕಿಂತ ಮುಖ್ಯವಾಗಿ ಮಡಚಿ ಅದರ ಚೀಲಕ್ಕೆ ವಾಪಸ್ ತುಂಬುವುದು, ಟಾರ್ಚ್ ಇಲ್ಲದೆ ಜಿಪ್ ಹುಡುಕುವುದು, ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳುವುದು, ಎಲ್ಲ ಅಲ್ಲೇ ಕಲಿಯಬಹುದು. ಮರಳಿಗೆ ಗೂಟದ ಬದಲು ಚೀಲ ಹೂಳುವುದನ್ನು ಪ್ರಯತ್ನಿಸಬೇಕೆಂದರೆ ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿರುತ್ತಾರೆ, ಬಾಗಿಲ ಮುಂದೆ ಎಂ-ಸ್ಯಾಂಡ್ ರಾಶಿ ಬಿದ್ದಿರುತ್ತದೆ. ಚೀಲ ಹೂತು, ಇಬ್ಬರು ಹಗ್ಗ ಹಿಡಿದು ಜಗ್ಗಿ ನೋಡಿ. ಮಾಲೀಕರನ್ನು ಕೇಳಿಕೊಂಡು, ಆಯ್ತಾ?