ಹತ್ತರಲ್ಲೇ ಇರಬೇಕೆ, ಹನ್ನೊಂದಕ್ಕೆ ಏರಬೇಕೆ?

ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಈ ಸಲದ ಪ್ರಶ್ನೆಗಳೆಲ್ಲ ಅದರ ಸುತ್ತಲಿನವೇ.

ಪ್ರ: 2019ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಐ5-9400 ಪ್ರೊಸೆಸರ್, ಎಚ್310 ಬೋರ್ಡ್, 8 ಜಿಬಿ ರ‍್ಯಾಮ್. ‘ಪಿಸಿ ಹೆಲ್ತ್ ಚೆಕ್’ ಹಾಕಿ ನೋಡಿದರೆ ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಎನ್ನುತ್ತದೆ. ಬೋರ್ಡ್ ಬದಲಿಸಬೇಕು ಎನ್ನುತ್ತಾರೆ ಅಂಗಡಿಯವರು. ನಿಜವೇ?
— ಡಿಟಿಪಿ ಕೇಂದ್ರದ ಮಾಲೀಕರು, ತಿಪಟೂರು

ಉ: ಬೋರ್ಡ್ ಬದಲಿಸಬೇಡಿ. ಇಂಟೆಲ್‌ನ 8ನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿವೆ, ನಿಮ್ಮದು 9ನೆಯದು. ಎಎಂಡಿಯಲ್ಲಾದರೆ ಸ್ಥೂಲವಾಗಿ ರೈಜನ್ 2000 ಸರಣಿಯಿಂದ ಮೇಲಕ್ಕೆ. ಟಿಪಿಎಂ (ಭದ್ರತಾ ಕೀಗಳನ್ನು ಕಾಯ್ದಿಡುವ ಭಾಗ) ಪ್ರೊಸೆಸರ್-ಚಿಪ್‌ಸೆಟ್‌ನೊಳಗೇ ಇದೆ, ಬಯಾಸ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳಲ್ಲಿ) ಆಫ್ ಆಗಿದೆ ಅಷ್ಟೆ. ಆನ್ ಮಾಡಿ ಹಾಗೇ ಮುಂದೆ ಹೋಗಬಹುದು ಎಂದುಕೊಂಡವರು ಮಾತ್ರ ಸಾಮಾನ್ಯವಾಗಿ ಎರಡನೇ ಹೆಜ್ಜೆಯಾದ ಸೆಕ್ಯೂರ್ ಬೂಟ್‌ನಲ್ಲಿ (ನಂಬಲರ್ಹ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಕಾವಲು) ಸಿಕ್ಕಿಬೀಳುತ್ತಾರೆ. ಆದ್ದರಿಂದ ಕ್ರಮ ತಪ್ಪಿಸಬೇಡಿ.

ಮೊದಲು ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ ‘ಎಂಎಸ್‌ಇನ್ಫೋ32’ (msinfo32) ಎಂದು ಟೈಪ್ ಮಾಡಿ. ‘ಬಯಾಸ್ ಮೋಡ್’ ಎದುರು ‘ಲೆಗಸಿ’ ಎಂದಿದ್ದರೆ ನಿಮ್ಮ ಡಿಸ್ಕಿನ ಹೋಳುಗಳ ಲೆಕ್ಕ ಹಳೆಯ ಎಂಬಿಆರ್ ಪದ್ಧತಿಯಲ್ಲಿದೆ. ಈ ಸ್ಥಿತಿಯಲ್ಲಿ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಹಳೆಯ ಪದ್ಧತಿಯಲ್ಲಿ ಬೂಟ್ ಮಾಡಿಸುವ ವ್ಯವಸ್ಥೆ) ಆಫ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ, ಬೂಟ್ ಡಿವೈಸ್ ಇಲ್ಲ ಎಂಬ ಸಂದೇಶ ಬರುತ್ತದೆ. ಹಾಗಾದರೆ ಗಾಬರಿ ಬೇಡ, ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಮೊದಲಿನಂತಾಗುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ.

ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಲು ‘ಎಂಬಿಆರ್2ಜಿಪಿಟಿ’ (mbr2gpt) ಎಂಬ ಆದೇಶ ವಿಂಡೋಸ್‌ನಲ್ಲೇ ಇದೆ. ಬ್ಯಾಕಪ್ ಮಾಡಿಕೊಂಡು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ‘ವ್ಯಾಲಿಡೇಟ್’ (/validate), ಅದು ಪಾಸಾದರೆ ಮಾತ್ರ ‘ಕನ್ವರ್ಟ್’ (/convert). ಎರಡರ ಜೊತೆಗೂ ‘ಅಲೋಫುಲ್‌ಓಎಸ್’ (/allowFullOS) ಸೇರಿಸಬೇಕು, ಇಲ್ಲವಾದರೆ ವಿಂಡೋಸ್ ನಡೆಯುತ್ತಿರುವಾಗ ಅದು ಕೆಲಸ ಮಾಡಲು ಒಪ್ಪುವುದಿಲ್ಲ.

ನಮ್ಮ ಕಡೆಯ ಅಸೆಂಬಲ್ಡ್ ಯಂತ್ರಗಳಲ್ಲಿ ವ್ಯಾಲಿಡೇಟ್ ಫೇಲಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿ ಕೊಟ್ಟಿರುತ್ತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಡಿ, ಇ ಎರಡರ ಸುತ್ತ ಹಸಿರು ಚೌಕಟ್ಟಿದ್ದರೆ ಅವು ಎಕ್ಸ್‌ಟೆಂಡೆಡ್ ಪಾರ್ಟಿಶನ್ನಿನೊಳಗಿನ ಲಾಜಿಕಲ್ ಡ್ರೈವ್‌ಗಳು. ಈ ಸಾಧನ ಅವನ್ನು ಮುಟ್ಟುವುದಿಲ್ಲ. ಪ್ರೈಮರಿ ಪಾರ್ಟಿಶನ್ ಕೂಡ ಮೂರಕ್ಕಿಂತ ಹೆಚ್ಚಿರಬಾರದು. ಡಿ, ಇಯಲ್ಲಿರುವುದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ನಾಲ್ಕೈದು ಫೈಲ್ ತೆರೆದು ಸರಿಯಾಗಿವೆಯೇ ನೋಡಿ. ಆಮೇಲೆ ಆ ಡ್ರೈವ್‌ಗಳನ್ನೂ ಹಸಿರು ಚೌಕಟ್ಟನ್ನೂ ಡಿಲೀಟ್ ಮಾಡಿ ಕನ್ವರ್ಟ್ ಕೊಡಿ. ಡಿ, ಇಗಳನ್ನು ಮತ್ತೆ ಮಾಡಿಕೊಳ್ಳಬಹುದು.

ಕನ್ವರ್ಟ್ ಆದ ಮೇಲೆ ರೀಸ್ಟಾರ್ಟ್ ಮಾಡಿ, ಯಂತ್ರ ಏಳುವಾಗಲೇ ಡಿಲೀಟ್ ಕೀ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಸಿಎಸ್‌ಎಂ ಆಫ್, ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಆನ್ (ಟಿಪಿಎಂಗೆ ಅಲ್ಲಿರುವ ಹೆಸರು ಇದು, ಎಎಂಡಿಯಲ್ಲಿ ಎಫ್‌ಟಿಪಿಎಂ ಎನ್ನುತ್ತಾರೆ), ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲು, ಕೊನೆಗೆ ಸೆಕ್ಯೂರ್ ಬೂಟ್ ಆನ್. ಆನ್ ಮಾಡಿದರೂ ‘ನಾಟ್ ಆ್ಯಕ್ಟಿವ್’ ಎಂದೇ ತೋರಿಸಿದರೆ ಅದರ ಕೆಳಗೇ ಫ್ಯಾಕ್ಟರಿ ಕೀಗಳನ್ನು ಮರಳಿ ಹಾಕುವ ಆಯ್ಕೆ ಇರುತ್ತದೆ, ಅದನ್ನು ಕೊಡಿ. ಹಳೇ ಕಾಲದ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಸಿಎಸ್‌ಎಂ ಆಫ್ ಆದ ಕೂಡಲೇ ಪರದೆ ಕಪ್ಪಾಗಬಹುದು. ಆ ಕಾರ್ಡ್ ತೆಗೆದು ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಚುಚ್ಚಿ. ನಿಮ್ಮ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದೆ.

ಪ್ರ: ನುಡಿ ತಂತ್ರಾಂಶದಲ್ಲಿ ಮಾಡಿದ ಹತ್ತು ವರ್ಷದ ಕಡತಗಳಿವೆ. ವಿಂಡೋಸ್ 11 ಹಾಕಿದರೆ ಅಕ್ಷರ ಕೆಟ್ಟುಹೋಗುತ್ತವೆ ಎಂದು ಹೆದರಿಸುತ್ತಿದ್ದಾರೆ.
— ಪತ್ರಬರಹಗಾರರು, ಹಾವೇರಿ

ಉ: ಕೆಡುವುದಿಲ್ಲ. ಅಂಥ ಆಸ್ಕಿ ಕಡತದಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ನುಡಿಯ ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇರುವುದರ ಮೇಲೇ ಅಪ್‌ಗ್ರೇಡ್ ಮಾಡಿದರೆ ಫಾಂಟುಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಸುವುದಾದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿ ಫಾಂಟುಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಮರಳಿ ಹಾಕುವಾಗ ಫಾಂಟಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಬೇಡಿ. ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ಮೊದಲ ರೀತಿಯಲ್ಲಿ ಫಾಂಟ್ ನಿಮ್ಮ ಖಾತೆಗೆ ಮಾತ್ರ ಸೇರುತ್ತದೆ, ಕೆಲವು ಹಳೆಯ ಪ್ರೋಗ್ರಾಮುಗಳಿಗೆ ಅದು ಕಾಣುವುದೇ ಇಲ್ಲ. ‘ವರ್ಡ್‌ನಲ್ಲಿ ಬರುತ್ತೆ, ಪೇಜ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಬರಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ. ತುಂಗಾ ಫಾಂಟಿನ ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಪದ್ಧತಿ) ಕಡತಗಳಿದ್ದರೆ ಸೆಟ್ಟಿಂಗ್ಸ್‌ನ ‘ಆಪ್ಶನಲ್ ಫೀಚರ್ಸ್’ನಲ್ಲಿ ಕನ್ನಡ ಪೂರಕ ಫಾಂಟುಗಳನ್ನು ಸೇರಿಸಿ. ಈಗ ವಿಂಡೋಸ್ ಜೊತೆ ತಾನಾಗಿ ಬರುವುದು ನಿರ್ಮಲಾ ಯುಐ.

ಹೇಗೂ ಕೈ ಹಾಕಿದ್ದೀರಿ, ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿಬಿಡಿ. ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಎರಡೆರಡು ಒತ್ತಿರುವ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳನ್ನೂ ಕಣ್ಣಾರೆ ನೋಡಿ. ಪರಿವರ್ತಕಗಳು ಮುಗ್ಗರಿಸುವುದು ಅಲ್ಲೇ.

ಪ್ರ: ಲ್ಯಾಪ್‌ಟಾಪ್ 6ನೇ ತಲೆಮಾರಿನ ಐ5. ಪಟ್ಟಿಯಲ್ಲಿಲ್ಲ. ‘ಬೈಪಾಸ್ ಮಾಡಿ 11 ಹಾಕಿಕೊಡ್ತೀನಿ’ ಎಂದು ಒಬ್ಬರು ಹೇಳುತ್ತಾರೆ. ಮನೆಯಲ್ಲಿ ನೆಟ್ ಬ್ಯಾಂಕಿಂಗ್ ಇದರಲ್ಲೇ.
— ಗೃಹಿಣಿ, ಪುತ್ತೂರು

ಉ: ಹಾಕಿಕೊಡಬಲ್ಲರು, ಅದು ನಡೆಯುತ್ತದೆ ಕೂಡ. ರೂಫಸ್ ಎಂಬ ಪ್ರೋಗ್ರಾಮಿನಲ್ಲಿ 8 ಜಿಬಿ ಪೆನ್‌ಡ್ರೈವ್ ಸಿದ್ಧಮಾಡುವಾಗ ಟಿಪಿಎಂ ಪರೀಕ್ಷೆ ತೆಗೆಯಲು ಒಂದು ಟಿಕ್ ಸಾಕು. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಖಾತರಿ ಮೈಕ್ರೋಸಾಫ್ಟ್‌ನದಲ್ಲ. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಇಳಿಯುವುದೂ ಇಲ್ಲ, ಪ್ರತಿ ಸಲವೂ ಅವರನ್ನೇ ಕರೆಸಬೇಕು. ಹಣದ ವ್ಯವಹಾರ ಮಾಡುವ ಯಂತ್ರಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ನಿಮಗೆ ಸದ್ಯಕ್ಕೆ ಒಳ್ಳೆಯದು ಇಎಸ್‌ಯು, ಅಂದರೆ 10ಕ್ಕೇ ಭದ್ರತಾ ಅಪ್‌ಡೇಟನ್ನು 2026ರ ಅಕ್ಟೋಬರ್ 13ರವರೆಗೆ ಮುಂದುವರಿಸುವ ಯೋಜನೆ. ಆವೃತ್ತಿ 22ಎಚ್2 ಆಗಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದ ‘ಎನ್‌ರೋಲ್ ನೌ’ ಒತ್ತಿ. ಸೆಟ್ಟಿಂಗುಗಳ ಬ್ಯಾಕಪ್‌ಗೆ ಒಪ್ಪಿದರೆ ಉಚಿತ. ಒಪ್ಪದಿದ್ದರೆ 30 ಡಾಲರ್ ಅಥವಾ 1000 ರಿವಾರ್ಡ್ಸ್ ಅಂಕ. ಆ ಲಿಂಕ್ ಕಾಣದಿದ್ದರೆ ಬಾಕಿಯಿರುವ ಅಪ್‌ಡೇಟ್‌ಗಳನ್ನು ಮುಗಿಸಿ, ಯಂತ್ರ ರೀಸ್ಟಾರ್ಟ್ ಮಾಡಿ ನೋಡಿ.

ಲ್ಯಾಪ್‌ಟಾಪಿನಲ್ಲಿ ಇನ್ನೂ ಹಾರ್ಡ್‌ಡಿಸ್ಕೇ ಇದ್ದರೆ ಬೈಪಾಸ್‌ಗೆ ಕೊಡುವ ದುಡ್ಡನ್ನು 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕಿ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಎಂದು ಕೆಂಪಗೆ ನಿಂತುಬಿಡುವುದು ತಪ್ಪುತ್ತದೆ.

ಆ ಗಡುವು ದಾಟಿದ ಮೇಲೆ ಹೊಸ ಲ್ಯಾಪ್‌ಟಾಪ್ ಬೇಡವೆನಿಸಿದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಇದೆ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಉಂಟು. ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಪ್ರಿಂಟರ್ ಪರೀಕ್ಷಿಸಿ, ಆಮೇಲೆ ಹಾಕಿಸಿ. ಕನ್ನಡ ಟೈಪ್ ಮಾಡಲು ಐಬಸ್‌ನ ಎಂ17ಎನ್ (ibus-m17n) ಸೇರಿಸಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಹೆಸರಿನಲ್ಲಿ ನುಡಿಯ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಲೆಕ್ಕಪತ್ರಕ್ಕೆ ಟ್ಯಾಲಿ ಬೇಕಾದವರಿಗೆ ಮಾತ್ರ ಇದು ಆಗಿಬರುವುದಿಲ್ಲ.

ಪ್ರ: ನಮ್ಮದು 32 ಬಿಟ್ ವಿಂಡೋಸ್ 10. ನೇರ ಅಪ್‌ಗ್ರೇಡ್ ಆಗುತ್ತದೆಯೇ?
— ಸಹಕಾರಿ ಸಂಘದ ಗುಮಾಸ್ತರು, ಗೋಕಾಕ

ಉ: ಇಲ್ಲ. 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ, ಹೊಸದಾಗಿಯೇ ಹಾಕಬೇಕು. ಅದಕ್ಕೂ ಮೊದಲು ನಿಮ್ಮ ಸ್ಕ್ಯಾನರ್, ಪಾಸ್‌ಬುಕ್ ಪ್ರಿಂಟರ್, ಬೆರಳಚ್ಚು ಯಂತ್ರಕ್ಕೆ 64 ಬಿಟ್ ಡ್ರೈವರ್ (ಆ ಸಾಧನವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ತಂತ್ರಾಂಶ) ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿ. 32 ಬಿಟ್ ಪ್ರೋಗ್ರಾಮ್ ನಡೆಯುತ್ತದೆ, 32 ಬಿಟ್ ಡ್ರೈವರ್ ನಡೆಯುವುದಿಲ್ಲ.

ಪ್ರ: 11 ಹಾಕಿದ ಮೇಲೆ ಹಿಡಿಸದಿದ್ದರೆ ವಾಪಸ್ ಬರಬಹುದೇ?
— ವಿದ್ಯಾರ್ಥಿ, ಕಲಬುರಗಿ

ಉ: 10ರ ಮೇಲೇ ಅಪ್‌ಗ್ರೇಡ್ ಮಾಡಿದ್ದರೆ 10 ದಿನದೊಳಗೆ ಬರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ‘ಗೋ ಬ್ಯಾಕ್’. ಹಳೆಯದೆಲ್ಲ ಸಿ ಡ್ರೈವಿನ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರಿನಲ್ಲಿರುತ್ತದೆ. ಜಾಗ ಸಾಲದೆಂದು ಅದನ್ನು ಅಳಿಸಿದರೆ ಗೋ ಬ್ಯಾಕ್ ಕೂಡ ಹೋಯಿತು. 11ರಲ್ಲಿ ಹಾಕಿಕೊಂಡ ಹೊಸ ಪ್ರೋಗ್ರಾಮುಗಳು ವಾಪಸ್ ಬಂದಾಗ ಇರುವುದಿಲ್ಲ. ಡಿಸ್ಕ್ ಬಿಟ್‌ಲಾಕರ್‌ನಲ್ಲಿದ್ದರೆ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಹೋಗುವ ಮುನ್ನವೂ ಬರುವ ಮುನ್ನವೂ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದನ್ನು ಆ ಲ್ಯಾಪ್‌ಟಾಪಿನೊಳಗೇ ಸೇವ್ ಮಾಡಿಟ್ಟು ಪ್ರಯೋಜನವಿಲ್ಲ.