ಗುಲಾಮಗಿರಿ ‘ಒಳಿತು’ ಆದದ್ದು ಹೇಗೆ?

ಅಮೆರಿಕದ ದಕ್ಷಿಣದ ನಾಯಕರು ಗುಲಾಮಗಿರಿ ತಪ್ಪೆಂದು ಗೊತ್ತಿದ್ದೂ ಸಮರ್ಥಿಸಿದರೇ ಎಂದು ಕೇಳಿದ್ದೀರಿ. ಯಾವ ತಲೆಮಾರಿನವರು ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲಿನವರಲ್ಲಿ ಹಲವರು ಅದನ್ನು ಕೆಡುಕೆಂದೇ ಒಪ್ಪುತ್ತಿದ್ದರು. ತೋಳದ ಕಿವಿ ಹಿಡಿದಿದ್ದೇವೆ, ಹಿಡಿದಿರಲೂ ಆಗದು, ಬಿಡಲೂ ಆಗದು ಎಂದು ಮಾಜಿ ಅಧ್ಯಕ್ಷ, ದಕ್ಷಿಣದ ವರ್ಜೀನಿಯಾದವನೇ ಆದ ಥಾಮಸ್ ಜೆಫರ್ಸನ್ 1820ರಲ್ಲಿ ಬರೆದ. ಬದುಕಿನುದ್ದಕ್ಕೂ ಅವನ ಒಡೆತನದಲ್ಲಿದ್ದ ಗುಲಾಮರು 600ಕ್ಕೂ ಹೆಚ್ಚು.

ಹತ್ತಿಯ ಲಾಭ ಏರಿತು, ಉತ್ತರದಲ್ಲಿ ವಿರೋಧವೂ ಬಲಿಯಿತು, ಆಗ ಮಾತಿನ ವರಸೆಯೇ ಬದಲಾಯಿತು. 1837ರ ಫೆಬ್ರವರಿಯಲ್ಲಿ ದಕ್ಷಿಣ ಕೆರೊಲಿನಾದ ಸೆನೆಟರ್ ಜಾನ್ ಕ್ಯಾಲ್ಹೂನ್ ಅಮೆರಿಕದ ಮೇಲ್ಮನೆಯಾದ ಸೆನೆಟ್‌ನಲ್ಲಿ ನಿಂತು, ಇದು ಕೆಡುಕಲ್ಲ, ಒಳಿತೇ ಎಂದ. ಯುರೋಪಿನ ಬಡವರಿಗೆ ದಿಕ್ಕಿಲ್ಲದ ಬಡವರನ್ನಿಡುವ ಆಶ್ರಯಶಾಲೆಯೇ ಗತಿ, ನಮ್ಮ ಗುಲಾಮನಿಗಾದರೋ ಮುಪ್ಪಿನಲ್ಲಿ, ಕಾಯಿಲೆಯಲ್ಲಿ ಒಡೆಯನ ಆರೈಕೆಯಿದೆ ಎಂಬುದು ವಾದ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಮಕ್ಕಳನ್ನು ತಾಯಿಯ ಮಡಿಲಿಂದ ಕಿತ್ತು ಹರಾಜಿಗಿಡುತ್ತಿದ್ದ ವ್ಯವಸ್ಥೆ ಅದು. ಗುಲಾಮರ ಸುಖಕ್ಕೆ ಸಾಕ್ಷಿ ಹೇಳುತ್ತಿದ್ದವನು ಒಡೆಯ, ಗುಲಾಮರಿಗೆ ಅಕ್ಷರ ಕಲಿಸುವುದೋ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧ.

1858ರಲ್ಲಿ ಅದೇ ರಾಜ್ಯದ ಸೆನೆಟರ್ ಜೇಮ್ಸ್ ಹ್ಯಾಮಂಡ್ ಇನ್ನೂ ಮುಂದೆ ಹೋದ. ಪ್ರತಿ ಸಮಾಜಕ್ಕೂ ಚಾಕರಿ ಮಾಡುವ ಒಂದು ವರ್ಗ ಬೇಕು, ಮನೆಗೆ ಬುಡದ ತೊಲೆಯಿದ್ದಂತೆ ಎಂದ. ‘ಹತ್ತಿಯೇ ರಾಜ’ ಎಂದದ್ದೂ ಅದೇ ಭಾಷಣದಲ್ಲಿ.

1861ರ ಮಾರ್ಚ್‌ನಲ್ಲಿ, ಜಾರ್ಜಿಯಾದ ಸವಾನಾ ನಗರದಲ್ಲಿ, ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಕರಿಯರ ಗುಲಾಮಗಿರಿಯೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದು ಸಾರಿದ. 1865ರಲ್ಲಿ ಉತ್ತರದೆದುರಿನ ಅಂತರ್ಯುದ್ಧ ಸೋತ ಮೇಲೆ ಅದೇ ಸ್ಟೀಫನ್ಸ್, ಹೋರಾಟ ರಾಜ್ಯಗಳ ಹಕ್ಕಿಗಾಗಿತ್ತು ಎಂದು ಬರೆದ. ನೀವು ಓದುವಾಗ 1865ಕ್ಕೆ ಮುಂಚಿನ ಭಾಷಣಗಳನ್ನೇ ಮೊದಲು ಹಿಡಿಯಿರಿ.